ಲಿವರ್‌ನಲ್ಲಿ ಗಡ್ಡೆ ಕಂಡಾಗ: ಯಾವ ಸ್ಕ್ಯಾನ್, ಯಾವ ಕ್ರಮದಲ್ಲಿ, ಹೇಗೆ

ಬೇರಾವುದೋ ಕಾರಣಕ್ಕೆ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸಿರುತ್ತೀರಿ. ರಿಪೋರ್ಟಿನ ಕೊನೆಯಲ್ಲಿ ‘ಲಿವರ್‌ನಲ್ಲಿ ಫೋಕಲ್ ಲೀಷನ್’ ಎಂಬ ಸಾಲು. ಗಾಬರಿಯಲ್ಲಿ ಮರುದಿನವೇ ಒಂದು ಸಿಟಿ ಸ್ಕ್ಯಾನ್ ಆಗುತ್ತದೆ. ಅದರ ರಿಪೋರ್ಟ್ ಬಂದರೂ ಗಡ್ಡೆ ಎಂಥದ್ದೆಂದು ತಿಳಿಯುವುದಿಲ್ಲ. ‘ಟ್ರೈಫೇಸಿಕ್ ಸಿಟಿ ಅಥವಾ ಎಂಆರ್‌ಐ ಮಾಡಿಸಿ’ ಎಂಬ ಸಲಹೆಯಷ್ಟೇ ಕೈಗೆ ಬರುತ್ತದೆ. ಮತ್ತೆ ಸೂಜಿ, ಮತ್ತೆ ವಿಕಿರಣ, ಮತ್ತೆ ಖರ್ಚು. ಓದುಗರಿಂದ ಪದೇ ಪದೇ ಕೇಳಿಬರುವ ತೊಂದರೆ ಇದೇ.

ಹೀಗಾದಾಗ ಯಂತ್ರ ಹಳೆಯದಿತ್ತೇನೋ ಎಂದು ಅನುಮಾನ ಪಡುವವರೇ ಹೆಚ್ಚು. ಆದರೆ ಸಾಮಾನ್ಯವಾಗಿ ತಪ್ಪಿರುವುದು ಕ್ರಮ. ಸ್ಕ್ಯಾನಿಗೆ ಮುಂಚೆ ಕೇಳಬೇಕಾದ ಪ್ರಶ್ನೆ ಕೇಳಿರುವುದಿಲ್ಲ, ಚೀಟಿಯಲ್ಲಿ ಬರೆಯಬೇಕಾದದ್ದು ಬರೆದಿರುವುದಿಲ್ಲ, ಕಾಂಟ್ರಾಸ್ಟ್ ಔಷಧ (ರಕ್ತನಾಳಕ್ಕೆ ಕೊಟ್ಟಾಗ ಚಿತ್ರದಲ್ಲಿ ಹೊಳೆಯುವಂಥದ್ದು) ಕೊಟ್ಟ ಮೇಲೆ ಸರಿಯಾದ ಹೊತ್ತಿಗೆ ಚಿತ್ರ ತೆಗೆದಿರುವುದಿಲ್ಲ. ಈ ಬರಹ ರೋಗಿಗೆ, ರೋಗಿಯ ಜೊತೆ ಓಡಾಡುವ ಮನೆಯವರಿಗೆ, ಮತ್ತು ಸ್ಕ್ಯಾನಿಗೆ ಚೀಟಿ ಬರೆಯುವ ಕಿರಿಯ ವೈದ್ಯರಿಗೆ. ಚಿಕಿತ್ಸೆಯ ತೀರ್ಮಾನ ನಿಮ್ಮ ವೈದ್ಯರದ್ದೇ. ಆದರೆ ಆ ತೀರ್ಮಾನಕ್ಕೆ ಬೇಕಾದ ಚಿತ್ರ ಮೊದಲ ಸಲವೇ ಸರಿಯಾಗಿ ಸಿಗುವಂತೆ ನೋಡಿಕೊಳ್ಳುವುದರಲ್ಲಿ ನಿಮ್ಮ ಪಾಲೂ ದೊಡ್ಡದು.

ಕ್ರಮವನ್ನೆಲ್ಲ ಬಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು

ಮುಂದೆ ಓದುವ ಮೊದಲು ಇವನ್ನು ನೋಡಿಕೊಳ್ಳಿ. ಬಲ ಪಕ್ಕೆಯ ಕೆಳಗೆ ಇದ್ದಕ್ಕಿದ್ದಂತೆ ತೀವ್ರ ನೋವು, ಜೊತೆಗೆ ತಲೆಸುತ್ತು, ಬೆವರು, ಮೈ ತಣ್ಣಗಾಗುವುದು: ಗಡ್ಡೆ ಒಡೆದು ರಕ್ತ ಸೋರುತ್ತಿರಬಹುದು. ಚಳಿ ನಡುಕದೊಂದಿಗೆ ಜ್ವರ, ಬಲಭಾಗದಲ್ಲಿ ನೋವು: ಲಿವರ್‌ನಲ್ಲಿ ಕೀವು ತುಂಬಿರಬಹುದು. ಜ್ವರದ ಜೊತೆಗೇ ಕಣ್ಣು ಹಳದಿಯಾದರೆ ಪಿತ್ತನಾಳದಲ್ಲಿ ಸೋಂಕಿರಬಹುದು. ರಕ್ತವಾಂತಿ, ಡಾಂಬರಿನ ಬಣ್ಣದ ಮಲ, ಮಾತು ತೊದಲಿ ಗೊಂದಲಕ್ಕೊಳಗಾಗುವುದು ಸಿರೋಸಿಸ್ (ಲಿವರ್ ಗಾಯಗೊಂಡು ಗಟ್ಟಿಯಾಗುವ ಕಾಯಿಲೆ) ಕೈಮೀರುತ್ತಿರುವ ಸೂಚನೆ. ಇಂಥ ಹೊತ್ತಿನಲ್ಲಿ ಹೊರರೋಗಿಯಾಗಿ ಸ್ಕ್ಯಾನಿನ ಸರದಿಗೆ ಕಾಯಬಾರದು. ನೇರ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು.

ಬೇಕಾಗುವ ಸಾಮಗ್ರಿ

ಹಳೆಯ ಸ್ಕ್ಯಾನ್‌ಗಳ ರಿಪೋರ್ಟ್ ಮತ್ತು ಚಿತ್ರಗಳು. ಇತ್ತೀಚಿನ ರಕ್ತಪರೀಕ್ಷೆಗಳು: ಲಿವರ್ ಫಂಕ್ಷನ್, ಕ್ರಿಯಾಟಿನಿನ್, ಹೆಪಟೈಟಿಸ್ ಬಿ ಮತ್ತು ಸಿ, ಪ್ಲೇಟ್‌ಲೆಟ್ ಎಣಿಕೆ, ವೈದ್ಯರು ಹೇಳಿದ್ದರೆ ಲಿವರ್ ಕ್ಯಾನ್ಸರಿನ ಸುಳಿವು ಕೊಡಬಲ್ಲ ಆಲ್ಫಾ ಫೀಟೋಪ್ರೋಟೀನ್. ಈಗ ಸೇವಿಸುತ್ತಿರುವ ಔಷಧಗಳ ಪಟ್ಟಿ. ಗರ್ಭನಿರೋಧಕ ಮಾತ್ರೆ, ದೇಹದಾರ್ಢ್ಯಕ್ಕೆಂದು ತೆಗೆದುಕೊಳ್ಳುವ ಸ್ಟೀರಾಯ್ಡ್, ರಕ್ತ ತೆಳುವಾಗಿಸುವ ಮಾತ್ರೆ, ಮಧುಮೇಹಕ್ಕೆ ಕೊಡುವ ಮೆಟ್‌ಫಾರ್ಮಿನ್ ಇವುಗಳನ್ನು ಮರೆಯಬೇಡಿ. ಹಿಂದೆ ಯಾವುದಾದರೂ ಕ್ಯಾನ್ಸರ್ ಆಗಿದ್ದರೆ ಅದರ ಕಾಗದಪತ್ರ. ದೇಹದೊಳಗೆ ಲೋಹದ ಸಾಧನವಿದ್ದರೆ ಅದರ ಕಾರ್ಡ್.

ಹಂತ 1: ಗಡ್ಡೆಗಿಂತ ಮೊದಲು ವ್ಯಕ್ತಿಯನ್ನು ನೋಡಿ

ಒಂದೇ ಬಗೆಯ ಚಿತ್ರಕ್ಕೆ ಇಬ್ಬರು ರೋಗಿಗಳಲ್ಲಿ ಎರಡು ಅರ್ಥ ಇರುತ್ತದೆ. ಅಲ್ಟ್ರಾಸೌಂಡಿನಲ್ಲಿ ಬೆಳ್ಳಗೆ, ಅಂಚು ಸ್ಪಷ್ಟವಾಗಿ ಕಾಣುವ 2 ಸೆಂಟಿಮೀಟರ್ ಗಡ್ಡೆ ಲಿವರ್ ಚೆನ್ನಾಗಿರುವವರಲ್ಲಿ ಬಹುಪಾಲು ಹೆಮಾಂಜಿಯೋಮಾ, ಅಂದರೆ ರಕ್ತನಾಳಗಳ ನಿರಪಾಯಕಾರಿ ಗೊಂಚಲು. ಅದೇ ಗಡ್ಡೆ ಸಿರೋಸಿಸ್ ಇರುವವರಲ್ಲಿ ಕಂಡರೆ, ಅಲ್ಲವೆಂದು ಸಾಬೀತಾಗುವವರೆಗೂ ಲಿವರ್ ಕ್ಯಾನ್ಸರ್ ಎಂದೇ ಭಾವಿಸಿ ಮುಂದುವರಿಯಬೇಕು.

ಆದ್ದರಿಂದ ನೀವು ಯಾವ ಗುಂಪಿಗೆ ಸೇರುತ್ತೀರಿ ಎಂಬುದನ್ನು ಮೊದಲು ನಿರ್ಧರಿಸಿಕೊಳ್ಳಿ. ಸಿರೋಸಿಸ್ ಅಥವಾ ದೀರ್ಘಕಾಲದ ಹೆಪಟೈಟಿಸ್ ಬಿ ಇದ್ದರೆ ಮುಖ್ಯ ಪ್ರಶ್ನೆ, ಇದು ಎಚ್‌ಸಿಸಿಯೇ? ಎಚ್‌ಸಿಸಿ ಎಂದರೆ ಲಿವರ್‌ನ ಜೀವಕೋಶಗಳಿಂದಲೇ ಹುಟ್ಟುವ ಹೆಪಟೋಸೆಲ್ಯುಲಾರ್ ಕಾರ್ಸಿನೋಮಾ. ದೇಹದ ಬೇರೆ ಕಡೆ ಕ್ಯಾನ್ಸರ್ ಆಗಿದ್ದರೆ ಪ್ರಶ್ನೆ, ಇದು ಅಲ್ಲಿಂದ ಹರಡಿದ್ದೇ? ಜ್ವರ, ನೋವು ಇದ್ದರೆ, ಇದು ಕೀವೇ? ಇವ್ಯಾವುದೂ ಇಲ್ಲದ, ಆಕಸ್ಮಿಕವಾಗಿ ಗಡ್ಡೆ ಕಂಡ ಆರೋಗ್ಯವಂತರಲ್ಲಿ ಸಾಧು ಗಡ್ಡೆಯ, ಅಂದರೆ ಕ್ಯಾನ್ಸರ್ ಅಲ್ಲದ ಗಡ್ಡೆಯ ಸಾಧ್ಯತೆಯೇ ಹೆಚ್ಚು. ಅಲ್ಲಿ ಯಾವ ಬಗೆಯ ಸಾಧು ಗಡ್ಡೆ ಎಂದು ತಿಳಿದರೆ ಸಾಕು.

ಇಲ್ಲಿ ಆಗುವ ದೊಡ್ಡ ತಪ್ಪು, ಸಿರೋಸಿಸ್ ಇದೆಯೆಂದೇ ಗೊತ್ತಿಲ್ಲದಿರುವುದು. ಹಲವು ವರ್ಷಗಳ ಮದ್ಯಪಾನ, ಮಧುಮೇಹದ ಜೊತೆಗಿರುವ ಕೊಬ್ಬಿನ ಲಿವರ್, ಎಂದೂ ಪರೀಕ್ಷಿಸದ ಹೆಪಟೈಟಿಸ್ ಇವು ಸದ್ದಿಲ್ಲದೆ ಸಿರೋಸಿಸ್‌ಗೆ ತಲುಪಿಸುತ್ತವೆ. ಪ್ಲೇಟ್‌ಲೆಟ್ ಕಡಿಮೆ, ಗುಲ್ಮ ದೊಡ್ಡದು, ಲಿವರ್‌ನ ಮೇಲ್ಮೈ ಉಬ್ಬುತಗ್ಗು ಎಂದು ರಿಪೋರ್ಟಿನಲ್ಲಿದ್ದರೆ ಆ ಬಗ್ಗೆ ವೈದ್ಯರನ್ನು ನೇರವಾಗಿ ಕೇಳಿ.

ಹಂತ 2: ಹಳೆಯ ಚಿತ್ರಗಳನ್ನು ಹುಡುಕಿ ತನ್ನಿ

ಹೊಸ ಸ್ಕ್ಯಾನಿಗಿಂತ ಹಳೆಯ ಸ್ಕ್ಯಾನ್ ಹೆಚ್ಚು ಹೇಳುವುದುಂಟು. ಐದು ವರ್ಷದ ಹಿಂದಿನ ಸಿಟಿಯಲ್ಲೂ ಅದೇ ಜಾಗದಲ್ಲಿ ಅದೇ ಗಾತ್ರದ ಗಡ್ಡೆ ಇದ್ದರೆ ಅರ್ಧ ಆತಂಕ ಅಲ್ಲೇ ಕಳೆಯುತ್ತದೆ. ಕಿಡ್ನಿ ಕಲ್ಲಿಗೆಂದು ಮಾಡಿಸಿದ ಸಿಟಿಯಲ್ಲಿ ಲಿವರ್ ಕೂಡ ಕಾಣುತ್ತದೆ. ಎದೆಯ ಸಿಟಿಯಲ್ಲೂ ಲಿವರ್‌ನ ಮೇಲ್ಭಾಗ ಬಂದಿರುತ್ತದೆ. ಯಾವುದನ್ನೂ ಬಿಡಬೇಡಿ.

ತರುವಾಗ ಫಿಲ್ಮ್ ಮಾತ್ರ ತಂದರೆ ಸಾಲದು. ನೂರಾರು ಚಿತ್ರಗಳಲ್ಲಿ ಆಯ್ದ ಕೆಲವನ್ನು ಮಾತ್ರ ಫಿಲ್ಮಿನಲ್ಲಿ ಮುದ್ರಿಸಿರುತ್ತಾರೆ. ಡೈಕಾಮ್ ಎಂಬ ಮೂಲ ಡಿಜಿಟಲ್ ರೂಪದ ಪೂರ್ಣ ಚಿತ್ರಗಳನ್ನು ಸಿಡಿ, ಪೆನ್‌ಡ್ರೈವ್ ಅಥವಾ ಲಿಂಕ್ ಮೂಲಕ ಕೇಳಿ ಪಡೆಯಿರಿ. ಫಿಲ್ಮನ್ನು ಮೊಬೈಲಿನಲ್ಲಿ ಫೋಟೊ ತೆಗೆದು ವಾಟ್ಸ್ಆ್ಯಪ್ ಮಾಡಿದರೆ ಅದನ್ನು ನೋಡಿ ಯಾರೂ ನಂಬಲರ್ಹ ಅಭಿಪ್ರಾಯ ಕೊಡಲಾರರು.

ಹಂತ 3: ಅಲ್ಟ್ರಾಸೌಂಡ್ ಎಷ್ಟು ಹೇಳುತ್ತದೆ, ಎಲ್ಲಿ ನಿಲ್ಲುತ್ತದೆ

ಅಲ್ಟ್ರಾಸೌಂಡ್ ಒಂದು ಕೆಲಸವನ್ನು ಬಹಳ ಚೆನ್ನಾಗಿ ಮಾಡುತ್ತದೆ: ನೀರುಗುಳ್ಳೆಯನ್ನು ಗಟ್ಟಿ ಗಡ್ಡೆಯಿಂದ ಬೇರ್ಪಡಿಸುತ್ತದೆ. ಒಳಗೆ ಪೂರ್ತಿ ಕಪ್ಪು, ತೆಳು ಗೋಡೆ, ಹಿಂಬದಿಯಲ್ಲಿ ಬೆಳಕು ಹೆಚ್ಚಿದಂತೆ ಕಾಣುವುದು ಇವಿಷ್ಟೂ ಇದ್ದರೆ ಅದು ಸಾದಾ ಸಿಸ್ಟ್. ಅಲ್ಲಿಗೆ ತಪಾಸಣೆ ಮುಗಿಯಿತು. ಸಾದಾ ಸಿಸ್ಟ್‌ಗೆ ಸಿಟಿ ಮಾಡಿಸುವುದು ಅನವಶ್ಯಕ.

ಗೋಡೆ ದಪ್ಪಗಿದ್ದು, ಒಳಗೆ ಪದರ ತೇಲುವಂತೆ ಅಥವಾ ದೊಡ್ಡ ಗುಳ್ಳೆಯೊಳಗೆ ಮರಿಗುಳ್ಳೆಗಳು ಕಂಡರೆ ಹೈಡ್ಯಾಟಿಡ್ ಎಂಬ ಪರೋಪಜೀವಿಯ ಸಿಸ್ಟ್ ಇರಬಹುದು. ಇದಕ್ಕೆ ಸಿದ್ಧತೆಯಿಲ್ಲದೆ ಸೂಜಿ ಚುಚ್ಚಬಾರದು. ಒಳಗಿನ ದ್ರವ ಸೋರಿದರೆ ಪ್ರಾಣಾಪಾಯದ ಅಲರ್ಜಿಯಾಗಬಹುದು, ಸೋಂಕು ಹೊಟ್ಟೆಯೊಳಗೆಲ್ಲ ಹರಡಬಹುದು.

ಲಿವರ್ ಆರೋಗ್ಯವಾಗಿದ್ದು, ಎಲ್ಲಿಯೂ ಕ್ಯಾನ್ಸರ್ ಇಲ್ಲದ ವ್ಯಕ್ತಿಯಲ್ಲಿ 3 ಸೆಂಟಿಮೀಟರಿಗಿಂತ ಚಿಕ್ಕದಾದ, ಬೆಳ್ಳಗೆ ಏಕರೂಪವಾಗಿರುವ, ಅಂಚು ಸ್ಪಷ್ಟವಿರುವ ಗಡ್ಡೆಯನ್ನೂ ಅಲ್ಟ್ರಾಸೌಂಡಿನಲ್ಲೇ ಹೆಮಾಂಜಿಯೋಮಾ ಎಂದು ಒಪ್ಪಿಕೊಳ್ಳಬಹುದು. ಈ ಷರತ್ತುಗಳಲ್ಲಿ ಒಂದು ತಪ್ಪಿದರೂ ಮುಂದಿನ ಸ್ಕ್ಯಾನ್ ಬೇಕು.

ಸಿರೋಸಿಸ್ ಇರುವವರಲ್ಲಿ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಿಸುವುದು ವಾಡಿಕೆ. ಅಲ್ಲಿ 10 ಮಿಲಿಮೀಟರಿಗಿಂತ ಚಿಕ್ಕ ಗಂಟು ಹೊಸದಾಗಿ ಕಂಡರೆ ಸುಮಾರು ಮೂರು ತಿಂಗಳಲ್ಲಿ ಅಲ್ಟ್ರಾಸೌಂಡನ್ನೇ ಮತ್ತೆ ಮಾಡಿ ನೋಡುತ್ತಾರೆ. 10 ಮಿಲಿಮೀಟರ್ ಅಥವಾ ಹೆಚ್ಚಿದ್ದರೆ ಕಾಯದೆ ಕಾಂಟ್ರಾಸ್ಟ್ ಕೊಟ್ಟು ಮಾಡುವ ಸಿಟಿ ಅಥವಾ ಎಂಆರ್‌ಐಗೆ ಹೋಗಬೇಕು.

ರಿಪೋರ್ಟ್ ‘ನಾರ್ಮಲ್’ ಎಂದಿದ್ದರೂ ಒಂದು ವಿಷಯ ಗಮನಿಸಿ. ಎದೆಗೂಡಿನ ಕೆಳಗೆ ಅಡಗಿರುವ ಲಿವರ್‌ನ ಗುಮ್ಮಟದ ಭಾಗ ಅಲ್ಟ್ರಾಸೌಂಡಿಗೆ ಸುಲಭವಾಗಿ ಸಿಗುವುದಿಲ್ಲ. ಸ್ಥೂಲದೇಹ, ಕರುಳಿನ ಗಾಳಿ, ಹೆಚ್ಚು ಕೊಬ್ಬು ತುಂಬಿದ ಲಿವರ್ ಇದ್ದರೆ ಇನ್ನಷ್ಟು ಭಾಗ ಮಸುಕಾಗುತ್ತದೆ. ‘ಲಿವರ್ ಪೂರ್ತಿ ಕಾಣಲಿಲ್ಲ’ ಎಂಬರ್ಥದ ಸಾಲು ಇದ್ದರೆ ಆ ರಿಪೋರ್ಟನ್ನು ನಾರ್ಮಲ್ ಎಂದುಕೊಳ್ಳಬಾರದು. ಆರೆಂಟು ಗಂಟೆ ಖಾಲಿ ಹೊಟ್ಟೆಯಲ್ಲಿ ಹೋಗುವುದು, ಎಡಕ್ಕೆ ಮಗ್ಗುಲಾಗಿ ದೀರ್ಘ ಉಸಿರೆಳೆದು ಹಿಡಿಯುವುದು ಇವೆರಡರಿಂದ ಎಷ್ಟೋ ಮುಚ್ಚಿದ ಭಾಗ ತೆರೆದುಕೊಳ್ಳುತ್ತದೆ.

ಹಂತ 4: ಮುಂದಿನ ಸ್ಕ್ಯಾನ್ ಆರಿಸುವುದು

ಇಲ್ಲಿ ಲಿವರ್‌ನ ಒಂದು ವಿಶೇಷ ತಿಳಿದಿರಬೇಕು. ಅದಕ್ಕೆ ರಕ್ತ ಎರಡು ದಾರಿಯಿಂದ ಬರುತ್ತದೆ. ಸುಮಾರು ಮುಕ್ಕಾಲು ಪಾಲು ಕರುಳಿನಿಂದ ಬರುವ ಪೋರ್ಟಲ್ ವೇನ್ ಮೂಲಕ, ಉಳಿದ ಕಾಲು ಪಾಲು ಹೆಪಾಟಿಕ್ ಅಪಧಮನಿಯ ಮೂಲಕ. ಎಚ್‌ಸಿಸಿ ಮಾತ್ರ ಬೆಳೆಯುತ್ತಾ ಬಹುತೇಕ ಅಪಧಮನಿಯ ರಕ್ತವನ್ನೇ ನೆಚ್ಚಿಕೊಳ್ಳುತ್ತದೆ. ಹಾಗಾಗಿ ಕಾಂಟ್ರಾಸ್ಟ್ ಔಷಧ ಅಪಧಮನಿಯಲ್ಲಿ ಹರಿಯುವ ಹೊತ್ತಿಗೆ ಗಡ್ಡೆ ಹೊಳೆಯುತ್ತದೆ. ಪೋರ್ಟಲ್ ರಕ್ತ ಬಂದು ಸುತ್ತಲಿನ ಲಿವರ್ ಹೊಳೆಯತೊಡಗಿದಾಗ ಗಡ್ಡೆ ಮಂಕಾಗುತ್ತದೆ. ಗಡ್ಡೆಯೊಳಗೆ ರಕ್ತ ಯಾವಾಗ ಬಂತು, ಎಷ್ಟು ಹೊತ್ತು ನಿಂತಿತು, ಯಾವಾಗ ಹೊರಟಿತು ಎಂಬುದೇ ಗುರುತಿನ ಮೂಲ. ಕಾಂಟ್ರಾಸ್ಟ್ ಇಲ್ಲದ ಸಾದಾ ಸಿಟಿ ಇದನ್ನು ಹೇಳಲಾರದು. ಒಂದೇ ಫೇಸ್‌ನಲ್ಲಿ ತೆಗೆದ ಸಿಟಿಯೂ ಹೇಳಲಾರದು. ಫೇಸ್ ಎಂದರೆ ಔಷಧ ಕೊಟ್ಟ ಮೇಲೆ ಚಿತ್ರ ತೆಗೆಯುವ ಒಂದೊಂದು ಹೊತ್ತು: ಔಷಧ ಅಪಧಮನಿಯಲ್ಲಿರುವಾಗ ಆರ್ಟೀರಿಯಲ್, ಪೋರ್ಟಲ್ ವೇನ್ ಮೂಲಕ ಲಿವರ್ ತುಂಬಿದಾಗ ಪೋರ್ಟಲ್, ಇನ್ನೂ ತಡವಾಗಿ ಡಿಲೇಡ್; ಟ್ರೈಫೇಸಿಕ್ ಎಂದರೆ ಈ ಮೂರೂ. ಪೋರ್ಟಲ್ ಫೇಸ್‌ನಲ್ಲಿ ಕೆಲವು ಎಚ್‌ಸಿಸಿಗಳು ಸುತ್ತಲಿನ ಲಿವರ್‌ನ ಬಣ್ಣದಲ್ಲೇ ಬೆರೆತು ಕಣ್ಣಿಗೆ ಬೀಳುವುದೇ ಇಲ್ಲ.

ಸಿಟಿ ಬೇಗ ಆಗುತ್ತದೆ, ಉಸಿರು ಹೆಚ್ಚು ಹೊತ್ತು ಹಿಡಿಯಲಾಗದವರಿಗೆ ಒಗ್ಗುತ್ತದೆ, ರಕ್ತನಾಳಗಳನ್ನು ಸ್ಪಷ್ಟವಾಗಿ ತೋರಿಸುತ್ತದೆ. ಹೊಟ್ಟೆಯಲ್ಲಿ ತುಂಬಾ ನೀರು ಇರುವವರಿಗೂ ಇದೇ ಅನುಕೂಲ. ಆದರೆ ಪ್ರತಿ ಫೇಸ್‌ಗೂ ಬೇರೆಯಾಗಿ ವಿಕಿರಣ ಬೀಳುತ್ತದೆ.

ಎಂಆರ್‌ಐನಲ್ಲಿ ವಿಕಿರಣವಿಲ್ಲ, ಗಡ್ಡೆಯ ಒಳಗಿನ ಕೊಬ್ಬು, ನೀರು, ಜೀವಕೋಶಗಳ ದಟ್ಟಣೆ ಎಲ್ಲವೂ ಬೇರೆ ಬೇರೆಯಾಗಿ ಗೊತ್ತಾಗುತ್ತದೆ. ಆಕಸ್ಮಿಕವಾಗಿ ಗಡ್ಡೆ ಕಂಡ ಆರೋಗ್ಯವಂತ ಯುವಜನರಿಗೆ, ಕೊಬ್ಬಿನ ಲಿವರ್ ಇರುವವರಿಗೆ, ಶಸ್ತ್ರಚಿಕಿತ್ಸೆಗೆ ಮುನ್ನ ಚಿಕ್ಕಚಿಕ್ಕ ಹರಡುಗಡ್ಡೆಗಳನ್ನು ಎಣಿಸಬೇಕಾದವರಿಗೆ ನನ್ನ ಮೊದಲ ಆಯ್ಕೆ ಎಂಆರ್‌ಐ. ಅರ್ಧ ಗಂಟೆಗೂ ಮೀರಿ ಅಲುಗಾಡದೆ ಮಲಗಿ, ಹೇಳಿದಾಗೆಲ್ಲ ಹದಿನೈದು ಇಪ್ಪತ್ತು ಸೆಕೆಂಡ್ ಉಸಿರು ಹಿಡಿಯಲು ಆಗದಿದ್ದರೆ ಮಾತ್ರ ಅದೇ ಎಂಆರ್‌ಐ ಸಿಟಿಗಿಂತ ಕಳಪೆಯಾದೀತು.

ಕಾಂಟ್ರಾಸ್ಟ್ ಅಲ್ಟ್ರಾಸೌಂಡ್ ಕಡಿಮೆ ಜನಕ್ಕೆ ಗೊತ್ತಿರುವ ಒಳ್ಳೆಯ ದಾರಿ. ಸೂಕ್ಷ್ಮ ಅನಿಲಗುಳ್ಳೆಗಳನ್ನು ರಕ್ತನಾಳಕ್ಕೆ ಕೊಟ್ಟು ಗಡ್ಡೆಯನ್ನು ಬಿಡದೆ ನೋಡುತ್ತಾರೆ. ಗುಳ್ಳೆಗಳು ರಕ್ತನಾಳ ಬಿಟ್ಟು ಹೊರಹೋಗುವುದಿಲ್ಲ, ಅನಿಲ ಉಸಿರಿನಲ್ಲೇ ಹೊರಬೀಳುತ್ತದೆ. ಕಿಡ್ನಿ ಕೆಟ್ಟಿರುವವರಿಗೆ ಇದು ವರ. ಹರಡಿದ ಕ್ಯಾನ್ಸರ್ ಸಾಮಾನ್ಯವಾಗಿ 60 ಸೆಕೆಂಡಿನೊಳಗೇ ಮಂಕಾಗತೊಡಗುತ್ತದೆ. ಎಚ್‌ಸಿಸಿ 60 ಸೆಕೆಂಡ್ ದಾಟಿದ ಮೇಲೆ, ನಿಧಾನವಾಗಿ, ತುಸುವೇ ಮಂಕಾಗುತ್ತದೆ. ಒಂದು ಸಲಕ್ಕೆ ಒಂದೆರಡು ಗಡ್ಡೆ ಮಾತ್ರ ನೋಡಲು ಸಾಧ್ಯ, ಇಡೀ ಲಿವರ್‌ನ ಲೆಕ್ಕ ಸಿಗದು.

ಪೆಟ್ ಸಿಟಿಯನ್ನು ‘ಎಲ್ಲಕ್ಕಿಂತ ದೊಡ್ಡ ಸ್ಕ್ಯಾನ್’ ಎಂದು ಮೊದಲೇ ಮಾಡಿಸುವವರಿದ್ದಾರೆ. ಸಾಮಾನ್ಯ ಪೆಟ್ ಸ್ಕ್ಯಾನಿನಲ್ಲಿ ಬಳಸುವ ಎಫ್‌ಡಿಜಿ ಎಂಬ ಸಕ್ಕರೆಯಂಥ ವಸ್ತುವನ್ನು ನಿಧಾನವಾಗಿ ಬೆಳೆಯುವ ಎಚ್‌ಸಿಸಿಗಳು ಹೆಚ್ಚಾಗಿ ಹಿಡಿದಿಟ್ಟುಕೊಳ್ಳುವುದಿಲ್ಲ. ಪೆಟ್‌ನಲ್ಲಿ ಏನೂ ಕಾಣಲಿಲ್ಲವೆಂದು ಲಿವರ್ ಕ್ಯಾನ್ಸರ್ ಇಲ್ಲವೆನ್ನಲಾಗದು. ಬೇರೆ ಅಂಗದ ಕ್ಯಾನ್ಸರ್ ಎಲ್ಲೆಲ್ಲಿ ಹರಡಿದೆ ಎಂದು ನೋಡಲು ಅದು ಉಪಯುಕ್ತ.

ಎಲ್ಲರಿಗೂ ಮೂರು ಫೇಸ್ ಬೇಕೆಂದೂ ಇಲ್ಲ. ಕೀವಿನ ಅನುಮಾನವಿದ್ದಾಗ, ದೊಡ್ಡ ಕರುಳಿನ ಕ್ಯಾನ್ಸರ್ ಹರಡಿದೆಯೇ ಎಂದು ನೋಡುವಾಗ ಪೋರ್ಟಲ್ ಫೇಸ್ ಒಂದೇ ಬಹುಮಟ್ಟಿಗೆ ಸಾಕಾಗುತ್ತದೆ.

ಹಂತ 5: ಚೀಟಿ ಬರೆಯುವುದು

ಹೆಚ್ಚಿನ ಸ್ಕ್ಯಾನ್‌ಗಳು ಹಾಳಾಗುವುದು ಈ ಕಾಗದದ ತುಂಡಿನಲ್ಲಿ. ‘ಸಿಟಿ ಅಬ್ಡೊಮೆನ್ ವಿತ್ ಕಾಂಟ್ರಾಸ್ಟ್’ ಎಂದಷ್ಟೇ ಬರೆದರೆ ಸ್ಕ್ಯಾನ್ ಕೇಂದ್ರದವರು ತಮ್ಮ ವಾಡಿಕೆಯಂತೆ ಪೋರ್ಟಲ್ ಫೇಸ್ ಒಂದನ್ನೇ ತೆಗೆದು ಕಳಿಸಬಹುದು. ಅವರ ತಪ್ಪೇನೂ ಇಲ್ಲ, ಚೀಟಿ ಹೇಳಿದ್ದೇ ಅಷ್ಟು.

ಬರೆಯಬೇಕಾದದ್ದು ಹೀಗೆ: ‘ವಯಸ್ಸು 58, ಹೆಪಟೈಟಿಸ್ ಬಿಯಿಂದ ಸಿರೋಸಿಸ್. ಅಲ್ಟ್ರಾಸೌಂಡಿನಲ್ಲಿ ಸೆಗ್ಮೆಂಟ್ 6ರಲ್ಲಿ 18 ಮಿಲಿಮೀಟರ್ ಗಂಟು. ಎಚ್‌ಸಿಸಿ ಇದೆಯೇ? ಮಲ್ಟಿಫೇಸ್ ಲಿವರ್ ಸಿಟಿ, ತಡವಾದ ಆರ್ಟೀರಿಯಲ್, ಪೋರ್ಟಲ್, ಡಿಲೇಡ್ ಫೇಸ್‌ಗಳೊಂದಿಗೆ. ಕ್ರಿಯಾಟಿನಿನ್ ಇಷ್ಟು, ಔಷಧ ಅಲರ್ಜಿ ಇಲ್ಲ.’ ಲಿವರನ್ನು 8 ಸೆಗ್ಮೆಂಟ್‌ಗಳಾಗಿ ಗುರುತಿಸುವ ಪದ್ಧತಿಯಿದೆ; ಮೊದಲ ರಿಪೋರ್ಟಿನಲ್ಲಿ ಯಾವ ಸೆಗ್ಮೆಂಟ್ ಎಂದಿದೆಯೋ ಅದನ್ನು ಹಾಗೆಯೇ ನಕಲಿಸಿ. ಹಿಂದೆ ಗಡ್ಡೆಯನ್ನು ಸುಟ್ಟು ತೆಗೆದಿದ್ದರೆ ಅಥವಾ ರಕ್ತನಾಳದ ಮೂಲಕ ಕೀಮೋ ಕೊಟ್ಟಿದ್ದರೆ ತಾರೀಕಿನ ಸಮೇತ ಬರೆಯಲೇಬೇಕು. ಆಗ ಕಾಂಟ್ರಾಸ್ಟಿಗೆ ಮೊದಲಿನ ಸಾದಾ ಫೇಸ್ ಕೂಡ ಬೇಕಾಗುತ್ತದೆ, ಇಲ್ಲವಾದರೆ ಹಳೆಯ ಔಷಧದ ಹೊಳಪು ಯಾವುದು, ಹೊಸ ರಕ್ತದ ಹೊಳಪು ಯಾವುದು ಎಂದು ತಿಳಿಯುವುದಿಲ್ಲ.

ನೀವು ರೋಗಿಯಾಗಿದ್ದರೆ, ಚೀಟಿ ಕೈಗೆ ಬಂದಾಗ ಒಮ್ಮೆ ಓದಿ. ಸಿರೋಸಿಸ್, ಹೆಪಟೈಟಿಸ್, ಹಳೆಯ ಕ್ಯಾನ್ಸರ್ ಇದ್ದೂ ಅದರಲ್ಲಿ ನಮೂದಾಗಿರದಿದ್ದರೆ ‘ಡಾಕ್ಟ್ರೇ, ಇದನ್ನೂ ಬರೆದುಕೊಡ್ತೀರಾ?’ ಎಂದು ಕೇಳಲು ಸಂಕೋಚ ಬೇಡ.

ಹಂತ 6: ಕಾಂಟ್ರಾಸ್ಟ್ ಸುರಕ್ಷತೆ

ಸಿಟಿಗೆ ಅಯೋಡಿನ್ ಇರುವ ಔಷಧ, ಎಂಆರ್‌ಐಗೆ ಗ್ಯಾಡೋಲಿನಿಯಂ ಇರುವ ಔಷಧ. ಎರಡೂ ಬೇರೆ ಬೇರೆ. ಒಂದಕ್ಕೆ ಅಲರ್ಜಿ ಇದ್ದರೆ ಇನ್ನೊಂದಕ್ಕೂ ಆಗುತ್ತದೆಂದು ತಿಳಿಯಬೇಕಿಲ್ಲ. ಹಿಂದೆ ಕಾಂಟ್ರಾಸ್ಟಿನಿಂದ ಮೈ ತುಂಬ ದದ್ದು, ಉಬ್ಬಸ, ಮುಖ ಊತ ಆಗಿದ್ದರೆ ಸರದಿ ಕಾಯ್ದಿರಿಸುವಾಗಲೇ ಹೇಳಿ. ಮುಂಜಾಗ್ರತೆಯ ಸ್ಟೀರಾಯ್ಡನ್ನು ಹಲವು ಗಂಟೆ ಮುಂಚೆಯೇ ಶುರುಮಾಡಬೇಕಾಗುತ್ತದೆ, ಮೇಜಿನ ಮೇಲೆ ಮಲಗಿದ ಮೇಲೆ ಹೇಳಿದರೆ ತಡವಾಗಿರುತ್ತದೆ. ಮೀನು, ಸಿಗಡಿ ಆಗದವರಿಗೆ ಅಯೋಡಿನ್ ಕಾಂಟ್ರಾಸ್ಟ್ ಆಗದು ಎಂಬ ನಂಬಿಕೆಗೆ ಆಧಾರವಿಲ್ಲ.

ಕ್ರಿಯಾಟಿನಿನ್‌ನಿಂದ ಲೆಕ್ಕ ಹಾಕುವ ಇಜಿಎಫ್‌ಆರ್ (ಕಿಡ್ನಿ ರಕ್ತ ಶೋಧಿಸುವ ವೇಗದ ಅಂದಾಜು) 30ಕ್ಕಿಂತ ಕಡಿಮೆ ಇದ್ದರೆ ಅಯೋಡಿನ್ ಕಾಂಟ್ರಾಸ್ಟ್ ಕೊಡುವ ಮೊದಲು ವೈದ್ಯರು ಲಾಭನಷ್ಟ ತೂಗಿ ನೋಡುತ್ತಾರೆ. ಅಂಥವರು ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ ನಿಲ್ಲಿಸಿ, 48 ಗಂಟೆಯ ನಂತರ ಕಿಡ್ನಿಯ ಸ್ಥಿತಿ ನೋಡಿ ಮತ್ತೆ ಶುರುಮಾಡಿಸುತ್ತಾರೆ. ಇದನ್ನು ಸ್ವಂತ ನಿರ್ಧಾರದಿಂದ ಮಾಡಬೇಡಿ.

ಪೇಸ್‌ಮೇಕರ್, ಮಿದುಳಿನ ರಕ್ತನಾಳಕ್ಕೆ ಹಾಕಿದ ಕ್ಲಿಪ್, ಕಿವಿಯೊಳಗಿನ ಕಾಕ್ಲಿಯರ್ ಸಾಧನ, ಕಣ್ಣಿಗೆ ಸಿಡಿದ ಲೋಹದ ಚೂರು: ಎಂಆರ್‌ಐ ಕೋಣೆಯ ಬಾಗಿಲು ದಾಟುವ ಮೊದಲು ಇವುಗಳಲ್ಲಿ ಒಂದನ್ನೂ ಮುಚ್ಚಿಡಬೇಡಿ. ಗರ್ಭಿಣಿಯಾಗಿರುವ ಸಾಧ್ಯತೆಯಿದ್ದರೆ ಯಾವ ಸ್ಕ್ಯಾನಿಗಾದರೂ ಮೊದಲೇ ತಿಳಿಸಿ.

ಹಂತ 7: ಸ್ಕ್ಯಾನ್ ನಡೆಯುವ ಹೊತ್ತು

ಔಷಧ ಸೆಕೆಂಡಿಗೆ 3ರಿಂದ 5 ಮಿಲಿಲೀಟರ್ ವೇಗದಲ್ಲಿ ಹೋಗಬೇಕು. ಅದಕ್ಕೆ ಮೊಣಕೈ ಮಡಿಕೆಯ ದಪ್ಪ ರಕ್ತನಾಳದಲ್ಲಿ 18 ಅಥವಾ 20 ಗೇಜ್ ಸೂಜಿ ಒಳ್ಳೆಯದು. ಅಂಗೈ ಹಿಂಬದಿಯ ಸಣ್ಣ ನಾಳದಲ್ಲಿ ಚಿಕ್ಕ ಸೂಜಿ ಹಾಕಿ ನಿಧಾನವಾಗಿ ಔಷಧ ಬಿಟ್ಟರೆ ಆರ್ಟೀರಿಯಲ್ ಫೇಸ್ ಸಪ್ಪೆಯಾಗುತ್ತದೆ.

ಸಿಟಿಯಲ್ಲಿ ಔಷಧ ಶುರುವಾದ ಸುಮಾರು 35ರಿಂದ 40 ಸೆಕೆಂಡಿಗೆ ತಡವಾದ ಆರ್ಟೀರಿಯಲ್ ಫೇಸ್, ಸುಮಾರು 70 ಸೆಕೆಂಡಿಗೆ ಪೋರ್ಟಲ್ ಫೇಸ್, 3ರಿಂದ 5 ನಿಮಿಷಕ್ಕೆ ಡಿಲೇಡ್ ಫೇಸ್. ಹೃದಯ ದುರ್ಬಲವಾಗಿದ್ದರೆ ಔಷಧ ಲಿವರ್‌ಗೆ ತಲುಪುವುದೇ ತಡ. ಆದ್ದರಿಂದ ಗಡಿಯಾರ ನೋಡಿ ತೆಗೆಯುವುದಕ್ಕಿಂತ, ಮಹಾಪಧಮನಿಯಲ್ಲಿ ಔಷಧ ಬಂದದ್ದನ್ನು ಯಂತ್ರವೇ ಗುರುತಿಸಿ ಶುರುಮಾಡುವ ಬೋಲಸ್ ಟ್ರ್ಯಾಕಿಂಗ್ ವಿಧಾನ ಉತ್ತಮ.

ಆರ್ಟೀರಿಯಲ್ ಫೇಸ್ ಸರಿಯಾಗಿ ಬಂದಿದೆಯೇ ಎಂದು ಪರೀಕ್ಷಿಸಲು ಒಂದು ಸುಲಭ ಗುರುತು ಇದೆ, ಕಿರಿಯ ವೈದ್ಯರು ಇದನ್ನು ಅಭ್ಯಾಸ ಮಾಡಿಕೊಳ್ಳಬೇಕು. ಅಪಧಮನಿ ಚೆನ್ನಾಗಿ ಹೊಳೆಯುತ್ತಿರಬೇಕು, ಪೋರ್ಟಲ್ ವೇನ್‌ನಲ್ಲಿ ಸ್ವಲ್ಪ ಹೊಳಪು ಶುರುವಾಗಿರಬೇಕು, ಲಿವರ್‌ನಿಂದ ಹೊರಹೋಗುವ ಹೆಪಾಟಿಕ್ ವೇನ್‌ಗಳು ಇನ್ನೂ ಹೊಳೆದಿರಬಾರದು. ಪೋರ್ಟಲ್ ವೇನ್‌ನಲ್ಲಿ ಏನೂ ಇಲ್ಲವೆಂದರೆ ಚಿತ್ರ ಬೇಗ ತೆಗೆದದ್ದಾಯಿತು. ಹೆಪಾಟಿಕ್ ವೇನ್ ಹೊಳೆದಿದ್ದರೆ ತಡವಾಯಿತು. ಎರಡರಲ್ಲೂ ಚಿಕ್ಕ ಎಚ್‌ಸಿಸಿ ತಪ್ಪಿಹೋಗುತ್ತದೆ.

ಎಂಆರ್‌ಐನಲ್ಲಿ ಕೆಲವೊಮ್ಮೆ ಗ್ಯಾಡಾಕ್ಸಿಟೇಟ್ ಎಂಬ ವಿಶೇಷ ಔಷಧ ಬಳಸುತ್ತಾರೆ. ಅದರ ಸುಮಾರು ಅರ್ಧದಷ್ಟನ್ನು ಲಿವರ್‌ನ ಜೀವಕೋಶಗಳೇ ಹೀರಿ ಪಿತ್ತಕ್ಕೆ ಬಿಡುತ್ತವೆ. 20 ನಿಮಿಷದ ನಂತರ ತೆಗೆದ ಚಿತ್ರದಲ್ಲಿ ಆರೋಗ್ಯವಂತ ಲಿವರ್ ಬೆಳ್ಳಗೆ, ಲಿವರ್ ಕೋಶಗಳಿಲ್ಲದ ಗಡ್ಡೆ ಕಪ್ಪಗೆ ಕಾಣುತ್ತದೆ. ಚಿಕ್ಕ ಹರಡುಗಡ್ಡೆಗಳನ್ನು ಹುಡುಕಲು ಇದು ಬಹಳ ಒಳ್ಳೆಯದು. ಆದರೆ ಔಷಧ ಕೊಟ್ಟ ಕೂಡಲೇ ಕೆಲವರಿಗೆ ಕ್ಷಣಕಾಲ ಉಸಿರು ತಪ್ಪಿ, ಆರ್ಟೀರಿಯಲ್ ಫೇಸ್‌ನ ಚಿತ್ರವೇ ಕಲಸಿಹೋಗುತ್ತದೆ. ಕಾಮಾಲೆ ಹೆಚ್ಚಿದ್ದಾಗ ಲಿವರ್ ಈ ಔಷಧವನ್ನು ಹೀರಿಕೊಳ್ಳಲಾರದು, ಆಗ ಇದರ ಪ್ರಯೋಜನ ಕಡಿಮೆ.

ರೋಗಿಯ ಕೆಲಸ ಉಸಿರು ಹಿಡಿಯುವುದು. ಸರದಿ ಕಾಯುತ್ತಾ ಕೂತಾಗಲೇ ನಾಲ್ಕೈದು ಸಲ ಅಭ್ಯಾಸ ಮಾಡಿ. ಪ್ರತಿ ಸಲವೂ ಒಂದೇ ಪ್ರಮಾಣದಲ್ಲಿ ಉಸಿರು ಬಿಟ್ಟು ನಿಲ್ಲಿಸಬೇಕು. ಔಷಧ ಹೋಗುವಾಗ ಮೈ ಬಿಸಿಯಾಗಿ ಮೂತ್ರ ಬಂದಂತೆನಿಸುವುದು ಸಹಜ, ಗಾಬರಿಯಾಗಿ ಅಲುಗಬೇಡಿ. ಸೂಜಿಯ ಜಾಗ ಉಬ್ಬಿ ಉರಿದರೆ, ಗಂಟಲು ಕಟ್ಟಿದರೆ, ಮೈ ತುರಿಸಿದರೆ ಮಾತ್ರ ತಕ್ಷಣ ಕೂಗಿ ಹೇಳಿ.

ಹಂತ 8: ಚಿತ್ರ ಏನು ಹೇಳುತ್ತಿದೆ

ರಿಪೋರ್ಟ್ ಓದುವಾಗ ‘ಇಂಪ್ರೆಷನ್’ ಮಾತ್ರ ಓದಿ ಮುಗಿಸದೆ, ಫೇಸ್ ಫೇಸ್‌ಗೂ ಗಡ್ಡೆ ಹೇಗೆ ವರ್ತಿಸಿತು ಎಂಬ ವಿವರಣೆಗೆ ಬನ್ನಿ.

ಹೆಮಾಂಜಿಯೋಮಾ ಅಂಚಿನಲ್ಲಿ ಬಿಡಿಬಿಡಿ ಚುಕ್ಕೆಗಳಂತೆ ಹೊಳೆಯತೊಡಗಿ, ನಿಧಾನವಾಗಿ ಒಳಮುಖವಾಗಿ ತುಂಬಿಕೊಳ್ಳುತ್ತದೆ. ಎಲ್ಲ ಫೇಸ್‌ಗಳಲ್ಲೂ ಅದರ ಹೊಳಪು ರಕ್ತನಾಳಗಳ ಹೊಳಪಿಗೆ ಸರಿಸಮ. ಎಂಆರ್‌ಐನ ಟಿ2 ಚಿತ್ರದಲ್ಲಿ ಬಹಳ ಬೆಳ್ಳಗಿರುತ್ತದೆ. ಗ್ಯಾಡಾಕ್ಸಿಟೇಟ್ ಕೊಟ್ಟಾಗ ಮಾತ್ರ ಸುತ್ತಲಿನ ಲಿವರ್ ಬೇಗ ಬೆಳ್ಳಗಾಗುವುದರಿಂದ ಇದೇ ಗಡ್ಡೆ ಮಂಕಾದಂತೆ ತೋರಿ ಕ್ಯಾನ್ಸರ್‌ನ ಭ್ರಮೆ ಹುಟ್ಟಿಸುತ್ತದೆ.

ಎಫ್‌ಎನ್‌ಎಚ್ ಎಂಬ ಸಾಧು ಗಡ್ಡೆ ಆರ್ಟೀರಿಯಲ್ ಫೇಸ್‌ನಲ್ಲಿ ಏಕರೂಪವಾಗಿ ಹೊಳೆದು, ಆಮೇಲೆ ಲಿವರ್‌ನೊಂದಿಗೆ ಬೆರೆಯುತ್ತದೆ. ನಡುವೆ ನಕ್ಷತ್ರಾಕಾರದ ಗೀರು ಇದ್ದರೆ ಅದು ತಡವಾಗಿ ಹೊಳೆಯುತ್ತದೆ. ಗ್ಯಾಡಾಕ್ಸಿಟೇಟ್ ಕೊಟ್ಟು ತೆಗೆದ 20 ನಿಮಿಷದ ಚಿತ್ರದಲ್ಲಿ ಲಿವರ್‌ನಷ್ಟೇ ಅಥವಾ ಅದಕ್ಕಿಂತ ಬೆಳ್ಳಗಿರುತ್ತದೆ. ಇದಕ್ಕೆ ಚಿಕಿತ್ಸೆ ಬೇಡ.

ಅಡಿನೋಮಾ ಎಂಬ ಇನ್ನೊಂದು ಸಾಧು ಗಡ್ಡೆಯನ್ನು ಇದರಿಂದ ಬೇರ್ಪಡಿಸುವುದು ಮುಖ್ಯ, ಏಕೆಂದರೆ ಅದು ಒಡೆದು ರಕ್ತ ಸೋರಬಹುದು, ಕೆಲವು ಬಗೆಗಳು ಕ್ಯಾನ್ಸರ್ ಆಗಬಹುದು. ಹೆಚ್ಚಾಗಿ ಗರ್ಭನಿರೋಧಕ ಮಾತ್ರೆ ಸೇವಿಸುವ ಮಹಿಳೆಯರಲ್ಲಿ ಕಾಣುತ್ತದೆ. ಒಳಗೆ ಕೊಬ್ಬು, ಹಳೆಯ ರಕ್ತ ಇರಬಹುದು. 20 ನಿಮಿಷದ ಚಿತ್ರದಲ್ಲಿ ಸಾಮಾನ್ಯವಾಗಿ ಕಪ್ಪು. ವೈದ್ಯರು ಮಾತ್ರೆ ನಿಲ್ಲಿಸಿ, ಸುಮಾರು ಆರು ತಿಂಗಳ ನಂತರ ಎಂಆರ್‌ಐ ನೋಡುತ್ತಾರೆ. 5 ಸೆಂಟಿಮೀಟರ್ ಮೀರಿದ್ದರೆ, ಅಥವಾ ರೋಗಿ ಗಂಡಸಾಗಿದ್ದರೆ ಯಾವ ಗಾತ್ರವಾದರೂ, ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ.

ಎಚ್‌ಸಿಸಿಗೆ ಲೈ-ರಾಡ್ಸ್ ಎಂಬ ಶ್ರೇಣೀಕರಣವಿದೆ, ಅಮೆರಿಕನ್ ಕಾಲೇಜ್ ಆಫ್ ರೇಡಿಯಾಲಜಿ ರೂಪಿಸಿದ್ದು. ಎಲ್‌ಆರ್-1 ಎಂದರೆ ಖಚಿತವಾಗಿ ಸಾಧು, ಎಲ್‌ಆರ್-5 ಎಂದರೆ ಖಚಿತವಾಗಿ ಎಚ್‌ಸಿಸಿ. 20 ಮಿಲಿಮೀಟರ್ ಅಥವಾ ದೊಡ್ಡ ಗಡ್ಡೆ ಆರ್ಟೀರಿಯಲ್ ಫೇಸ್‌ನಲ್ಲಿ ಹೊಳೆದು, ಜೊತೆಗೆ ನಂತರದ ಫೇಸ್‌ನಲ್ಲಿ ಮಂಕಾಗುವುದು, ಹೊಳೆಯುವ ಹೊದಿಕೆ, ಆರು ತಿಂಗಳೊಳಗೆ ಶೇ 50ರಷ್ಟು ಅಥವಾ ಹೆಚ್ಚು ಬೆಳೆದಿರುವುದು ಇವುಗಳಲ್ಲಿ ಒಂದಿದ್ದರೂ ಎಲ್‌ಆರ್-5. 10ರಿಂದ 19 ಮಿಲಿಮೀಟರಿನ ಗಡ್ಡೆಗೆ ಹೊದಿಕೆಯೊಂದೇ ಸಾಲದು. ಎಲ್‌ಆರ್-ಎಂ ಎಂದರೆ ಕ್ಯಾನ್ಸರ್ ಇರುವ ಸಾಧ್ಯತೆ ಹೆಚ್ಚು, ಆದರೆ ಎಚ್‌ಸಿಸಿಯೇ ಎನ್ನಲಾಗದು. ಎಲ್‌ಆರ್-ಎನ್‌ಸಿ ಎಂದು ಬಂದರೆ ಫೇಸ್ ಬಿಟ್ಟುಹೋಗಿದೆ ಅಥವಾ ಚಿತ್ರ ಕೆಟ್ಟಿದೆ ಎಂದರ್ಥ. ಸ್ಕ್ಯಾನ್ ಮತ್ತೆ ಮಾಡಬೇಕಾಗುತ್ತದೆ. ಈ ಶ್ರೇಣಿಯನ್ನು ಸಿರೋಸಿಸ್, ದೀರ್ಘಕಾಲದ ಹೆಪಟೈಟಿಸ್ ಬಿ, ಹಿಂದೆ ಅಥವಾ ಈಗ ಎಚ್‌ಸಿಸಿ ಇರುವ ವಯಸ್ಕರಿಗೆ ಮಾತ್ರ ಬಳಸಬೇಕು. ಲಿವರ್ ಆರೋಗ್ಯವಾಗಿರುವ ಯುವತಿಯ ರಿಪೋರ್ಟಿನಲ್ಲಿ ಎಲ್‌ಆರ್ ಸಂಖ್ಯೆ ಕಂಡರೆ ಪ್ರಶ್ನಿಸಿ.

ಹರಡಿದ ಕ್ಯಾನ್ಸರ್ ಗಡ್ಡೆಗಳು ಸಾಮಾನ್ಯವಾಗಿ ಹಲವಿರುತ್ತವೆ, ಅಂಚು ಮಾತ್ರ ಉಂಗುರದಂತೆ ಹೊಳೆಯುತ್ತದೆ. ದೊಡ್ಡ ಕರುಳಿನಿಂದ ಬಂದವು ಪೋರ್ಟಲ್ ಫೇಸ್‌ನಲ್ಲಿ, ನ್ಯೂರೋಎಂಡೋಕ್ರೈನ್ (ಹಾರ್ಮೋನ್ ಸ್ರವಿಸುವ ಬಗೆಯ ಕೋಶಗಳ) ಗಡ್ಡೆ ಮತ್ತು ಕಿಡ್ನಿಯಿಂದ ಬಂದವು ಆರ್ಟೀರಿಯಲ್ ಫೇಸ್‌ನಲ್ಲಿ ಚೆನ್ನಾಗಿ ಕಾಣುತ್ತವೆ. ಪಿತ್ತನಾಳದ ಕ್ಯಾನ್ಸರ್ ಅಂಚಿನಿಂದ ಶುರುವಾಗಿ ತಡವಾಗಿ ಒಳಗೆ ಹೊಳೆಯುತ್ತದೆ, ಲಿವರ್‌ನ ಮೇಲ್ಮೈಯನ್ನು ಒಳಕ್ಕೆ ಎಳೆಯುತ್ತದೆ, ಹಿಂದಿನ ಪಿತ್ತನಾಳಗಳನ್ನು ಹಿಗ್ಗಿಸುತ್ತದೆ.

ಗಡ್ಡೆಯೇ ಅಲ್ಲದ್ದು ಗಡ್ಡೆಯಂತೆ ಕಾಣುವುದೂ ಸಾಮಾನ್ಯ. ಪಿತ್ತಕೋಶದ ಪಕ್ಕ ಅಥವಾ ಲಿವರನ್ನು ಹೊಟ್ಟೆಯ ಮುಂಗೋಡೆಗೆ ಹಿಡಿದಿಡುವ ಫಾಲ್ಸಿಫಾರ್ಮ್ ಲಿಗಮೆಂಟ್ ಬಳಿ ಕೊಬ್ಬು ಹೆಚ್ಚು ಕಡಿಮೆ ಸೇರಿದ ತೇಪೆಗಳಿರುತ್ತವೆ. ರಕ್ತನಾಳಗಳು ಪಕ್ಕಕ್ಕೆ ಸರಿಯದೆ ಅವುಗಳ ಮೂಲಕ ನೇರ ಹಾದುಹೋಗುತ್ತವೆ. ಎಂಆರ್‌ಐನ ಇನ್‌ಫೇಸ್, ಔಟ್‌ಫೇಸ್ ಎಂಬ ಚಿತ್ರಗಳು (ಇವು ಕಾಂಟ್ರಾಸ್ಟಿನ ಫೇಸ್‌ಗಳಲ್ಲ) ಕೊಬ್ಬನ್ನು ಖಚಿತಪಡಿಸುತ್ತವೆ. ಆರ್ಟೀರಿಯಲ್ ಫೇಸ್‌ನಲ್ಲಿ ಮಾತ್ರ ತ್ರಿಕೋನಾಕಾರದಲ್ಲಿ ಹೊಳೆದು ಬೇರೆ ಯಾವ ಚಿತ್ರದಲ್ಲೂ ಕಾಣದ್ದು ಹೆಚ್ಚಾಗಿ ರಕ್ತಹರಿವಿನ ವ್ಯತ್ಯಾಸ ಅಷ್ಟೇ.

ಹಂತ 9: ಬಯಾಪ್ಸಿ ಯಾವಾಗ

ಸಿರೋಸಿಸ್ ಇರುವವರಲ್ಲಿ ಗಡ್ಡೆ ಎಲ್‌ಆರ್-5 ಆಗಿದ್ದರೆ ಬಯಾಪ್ಸಿ ಇಲ್ಲದೆಯೇ ಎಚ್‌ಸಿಸಿ ಎಂದು ಚಿಕಿತ್ಸೆ ಶುರುಮಾಡಬಹುದು. ಸೂಜಿಯ ದಾರಿಯಲ್ಲಿ ಕ್ಯಾನ್ಸರ್ ಕೋಶಗಳು ನೆಲೆಯೂರುವ ಅಪಾಯ ಚಿಕ್ಕದಾದರೂ ಇದೆ. ಲಿವರ್ ಕಸಿಗೆ ಅರ್ಹರಾದವರಿಗೆ ಅದು ದುಬಾರಿಯಾದೀತು. ಎಲ್‌ಆರ್-ಎಂ ಬಂದಾಗ, ಮೂಲ ಎಲ್ಲಿದೆಯೆಂದು ತಿಳಿಯದ ಹರಡುಗಡ್ಡೆ ಕಂಡಾಗ, ಚಿತ್ರಗಳಿಂದ ತೀರ್ಮಾನವಾಗದೆ ಚಿಕಿತ್ಸೆ ಅದರ ಮೇಲೆ ನಿಂತಿದ್ದಾಗ ಬಯಾಪ್ಸಿ ಬೇಕೇ ಬೇಕು. ಒಂದು ನಿಯಮ ಬಿಗಿಯಾಗಿ ಹಿಡಿಯಿರಿ: ಮಲ್ಟಿಫೇಸ್ ಚಿತ್ರಗಳು ಮೊದಲು, ಸೂಜಿ ಆಮೇಲೆ. ಸೂಜಿ ಚುಚ್ಚಿದ ಮೇಲೆ ಸೋರಿದ ರಕ್ತ ಚಿತ್ರವನ್ನು ಗೊಂದಲಗೊಳಿಸುತ್ತದೆ.

ಹಂತ 10: ಮರುತಪಾಸಣೆ

‘ಫಾಲೋಅಪ್ ಮಾಡಿಸಿ’ ಎಂದಷ್ಟೇ ಬರೆದ ರಿಪೋರ್ಟ್ ಅಪೂರ್ಣ. ಎಷ್ಟು ತಿಂಗಳಿಗೆ, ಯಾವ ಸ್ಕ್ಯಾನ್, ಯಾವ ಫೇಸ್‌ಗಳೊಂದಿಗೆ ಎಂದು ಕೇಳಿ ಬರೆಸಿಕೊಳ್ಳಿ. ಎಲ್‌ಆರ್-3ಕ್ಕೆ (ಸಾಧುವೋ ಎಚ್‌ಸಿಸಿಯೋ ಹೇಳಲಾಗದ ನಡುವಿನದು) ಸಾಮಾನ್ಯವಾಗಿ 3ರಿಂದ 6 ತಿಂಗಳು. ಎಲ್‌ಆರ್-4 (ಬಹುಶಃ ಎಚ್‌ಸಿಸಿ) ಬಂದರೆ ಲಿವರ್ ತಜ್ಞರು, ಶಸ್ತ್ರವೈದ್ಯರು, ರೇಡಿಯಾಲಜಿಸ್ಟ್ ಒಟ್ಟಿಗೆ ಕೂತು ನಿರ್ಧರಿಸುವ ತಂಡದ ಮುಂದೆ ಪ್ರಕರಣ ಹೋಗಬೇಕು. ಖಚಿತವಾದ ಸಾದಾ ಸಿಸ್ಟ್, ಮಾದರಿ ಹೆಮಾಂಜಿಯೋಮಾ, ಎಫ್‌ಎನ್‌ಎಚ್‌ಗಳಿಗೆ ವರ್ಷವರ್ಷ ಸ್ಕ್ಯಾನ್ ಮಾಡಿಸುತ್ತಾ ಹೋಗುವ ಅಗತ್ಯ ಸಾಮಾನ್ಯವಾಗಿ ಇಲ್ಲ.

ಗಡ್ಡೆ ಬೆಳೆದಿದೆಯೇ ಎಂದು ಹೋಲಿಸುವಾಗ ಅದೇ ಬಗೆಯ ಸ್ಕ್ಯಾನ್, ಅದೇ ಫೇಸ್, ಅದೇ ದಿಕ್ಕಿನ ಅಳತೆ ಇರಬೇಕು. ಅಲ್ಟ್ರಾಸೌಂಡಿನ 18 ಮಿಲಿಮೀಟರನ್ನು ಎಂಆರ್‌ಐನ 21 ಮಿಲಿಮೀಟರಿಗೆ ಹೋಲಿಸಿ ‘ಬೆಳೆದುಬಿಟ್ಟಿದೆ’ ಎಂದು ಹೆದರಬೇಡಿ. ಆರ್ಟೀರಿಯಲ್ ಫೇಸ್‌ನಲ್ಲಿ ಗಡ್ಡೆಯ ಸುತ್ತಲಿನ ಲಿವರ್ ಕೂಡ ತುಸು ಹೊಳೆದು ಅಳತೆ ದೊಡ್ಡದಾಗಿ ಬರುವುದರಿಂದ, ಅಂಚು ಸ್ಪಷ್ಟವಿರುವ ಬೇರೆ ಫೇಸ್‌ನಲ್ಲಿ ಅಳೆಯುವುದು ಸರಿ. ಮುಂದಿನ ಸ್ಕ್ಯಾನಿಗೆ ಹೋಗುವಾಗ ಈ ಸಲದ ಡೈಕಾಮ್ ಚಿತ್ರಗಳು, ರಿಪೋರ್ಟ್, ಬಳಸಿದ ಕಾಂಟ್ರಾಸ್ಟಿನ ಹೆಸರು ಮೂರನ್ನೂ ಒಂದೇ ಕಡತದಲ್ಲಿಟ್ಟು ಜೊತೆಗೆ ಒಯ್ಯಿರಿ.